ಸಹಿಗಿಂತ ಮೊದಲಿನ ಎಂಟು ತಿಂಗಳು: ವಿಶ್ವವಿದ್ಯಾಲಯಗಳ ಆಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಕುಲಸಚಿವರೇ, ಜೀವವಿಜ್ಞಾನ ಮತ್ತು ವೈದ್ಯಕೀಯ ನಿಕಾಯಗಳ ಡೀನರೇ,

ಜೀವವೈದ್ಯಕೀಯ ಸಂಶೋಧನೆಯ ತರಬೇತಿಗೆಂದು ನಿಮ್ಮ ವಿದ್ಯಾರ್ಥಿಗಳು ಹೊರದೇಶದ ಲ್ಯಾಬ್‌ಗಳಿಗೆ ಹೋಗುತ್ತಾರೆ. ಅವರ ಕಡತ ನಿಮ್ಮ ಮೇಜಿಗೆ ಬರುವ ಹೊತ್ತಿಗೆ ಅದರಲ್ಲಿ ಆಹ್ವಾನ ಪತ್ರ, ಅಂಕಪಟ್ಟಿ, ಹೊರಡುವ ದಿನಾಂಕ ಎಲ್ಲವೂ ಇರುತ್ತವೆ. ಬಾಕಿ ಇರುವುದು ನಿಮ್ಮ ಸಹಿಯೊಂದೇ ಎಂಬಂತೆ ಕಾಣುತ್ತದೆ. ಆದರೆ ಇಂಥ ತರಬೇತಿ ಕೆಡುವುದು ಬಹುಪಾಲು ಆ ಕಡತ ಹುಟ್ಟುವ ಮೊದಲೇ. ಕಳಿಸುವ ಕಚೇರಿಯಲ್ಲೂ ಬರಮಾಡಿಕೊಳ್ಳುವ ಲ್ಯಾಬ್‌ನಲ್ಲೂ ಈ ಕೆಲಸ ನೋಡುವ ನಾವು ನಿಮಗೆ ಹೇಳಬೇಕಾದದ್ದು ಇಷ್ಟು: ತರಬೇತಿಯ ಸಿದ್ಧತೆಯನ್ನು ಲ್ಯಾಬ್‌ನ ಮೊದಲ ದಿನದಿಂದ ಹಿಂದಕ್ಕೆ ಎಣಿಸುತ್ತ ಬರಬೇಕು, ಮತ್ತು ಆ ಎಣಿಕೆಯ ಹೊಣೆ ವಿದ್ಯಾರ್ಥಿಯದಲ್ಲ, ನಿಮ್ಮದು.

ಲಸಿಕೆಯಿಂದಲೇ ಶುರು ಮಾಡೋಣ. ಅದನ್ನು ಯಾರ ಪ್ರಭಾವ ಬಳಸಿದರೂ ಬೇಗ ಮುಗಿಸಲಾಗದು. ಮನುಷ್ಯರ ರಕ್ತ ಅಥವಾ ಅಂಗಾಂಶ ಮುಟ್ಟುವ ಕೆಲಸವಿದ್ದರೆ ಆತಿಥೇಯ ಸಂಸ್ಥೆಗಳು ಸಾಮಾನ್ಯವಾಗಿ ಹೆಪಟೈಟಿಸ್ ಬಿ ರಕ್ಷಣೆಯ ಪುರಾವೆ ಕೇಳುತ್ತವೆ. ಅದರ ರೂಢಿಯ ಕ್ರಮ ಮೂರು ಡೋಸ್: ಮೊದಲ ದಿನ, 1ನೇ ತಿಂಗಳು, 6ನೇ ತಿಂಗಳು. ಕೊನೆಯ ಡೋಸ್ ಆಗಿ 1ರಿಂದ 2 ತಿಂಗಳೊಳಗೆ ರಕ್ತ ಪರೀಕ್ಷೆ ಮಾಡಿಸಿ, ಪ್ರತಿಕಾಯ ಪ್ರತಿ ಮಿಲಿಲೀಟರಿಗೆ ಕನಿಷ್ಠ 10 ಮಿಲಿ ಅಂತರರಾಷ್ಟ್ರೀಯ ಯೂನಿಟ್ ಇದೆ ಎಂದು ತೋರಿಸಬೇಕು. ಒಟ್ಟು ಏಳೆಂಟು ತಿಂಗಳು. ಪ್ರವೇಶದ ವೇಳೆ ಡೋಸ್ ಹಾಕಿಸಿಕೊಂಡಿರದೆ, ಆಹ್ವಾನ ಬಂದ ಮೇಲೆ ಓಡಾಡುವವರಿಗೆ 0, 7, 21ನೇ ದಿನದ ತ್ವರಿತ ಕ್ರಮವೂ ಉಂಟು. ಅದಕ್ಕೆ 12ನೇ ತಿಂಗಳಿಗೆ ಇನ್ನೊಂದು ಡೋಸ್ ಬೇಕು. ಆ ಕ್ರಮವನ್ನು ಅಲ್ಲಿನ ಆರೋಗ್ಯ ವಿಭಾಗ ಒಪ್ಪುತ್ತದೆಯೇ ಎಂದು ಮೊದಲೇ ಬರೆದು ಕೇಳಬೇಕು. ಒಪ್ಪದಿದ್ದರೆ ವಿದ್ಯಾರ್ಥಿ ಲ್ಯಾಬ್ ತಲುಪಿದರೂ ಮಾದರಿ ಮುಟ್ಟುವಂತಿಲ್ಲ.

ಕ್ಷಯದ ಪರೀಕ್ಷೆಯಲ್ಲಿ ಇನ್ನೊಂದು ತೊಡಕು. ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಚರ್ಮದ ಮೇಲಿನ ಮಾಂಟೂ ಪರೀಕ್ಷೆ ಸೋಂಕಿಲ್ಲದಿದ್ದರೂ ಪಾಸಿಟಿವ್ ತೋರಿಸಬಹುದು. ಆಗ ಎಕ್ಸ್‌ರೇ, ತಜ್ಞರ ಅಭಿಪ್ರಾಯ ಎಂದು ವಾರಗಳು ಸರಿಯುತ್ತವೆ. ಇಂಥವರಿಗೆ ಐಜಿಆರ್‌ಎ ರಕ್ತ ಪರೀಕ್ಷೆಯೇ ಸರಿ, ಬಿಸಿಜಿ ಅದರ ಫಲಿತಾಂಶವನ್ನು ಕೆಡಿಸುವುದಿಲ್ಲ. ದಡಾರದ ಎಂಎಂಆರ್ ಲಸಿಕೆ ಬಾಕಿ ಇದ್ದರೆ ಕ್ರಮ ಇನ್ನೂ ಮುಖ್ಯ. ಅದು ದುರ್ಬಲಗೊಳಿಸಿದ ಜೀವಂತ ವೈರಸ್‌ಗಳ ಲಸಿಕೆ, ಕ್ಷಯ ಪರೀಕ್ಷೆಯ ಪ್ರತಿಕ್ರಿಯೆಯನ್ನು ಸ್ವಲ್ಪ ಕಾಲ ತಗ್ಗಿಸಬಹುದು. ಹಾಗಾಗಿ ಕ್ಷಯ ಪರೀಕ್ಷೆಯನ್ನು ಲಸಿಕೆಗೆ ಮೊದಲು ಅಥವಾ ಅದೇ ದಿನ ಮಾಡಿಸಬೇಕು, ಇಲ್ಲವೇ ಕನಿಷ್ಠ 4 ವಾರ ಕಾಯಬೇಕು. ಎಂಎಂಆರ್‌ನ ಎರಡು ಡೋಸ್‌ಗಳ ನಡುವೆಯೂ 28 ದಿನದ ಅಂತರ ಬೇಕು. ಈ ಲೆಕ್ಕವನ್ನು ಇಪ್ಪತ್ತು ವರ್ಷದ ವಿದ್ಯಾರ್ಥಿ ತಾನಾಗಿ ಹಾಕಿಕೊಳ್ಳಲಿ ಎಂದು ಬಿಡುವುದು ಸರಿಯಲ್ಲ. ನಿಮ್ಮ ಆರೋಗ್ಯ ಕೇಂದ್ರ ಮೊದಲ ವರ್ಷದಲ್ಲೇ ಎಲ್ಲರಿಗೂ ಒಂದು ಲಸಿಕೆ ಕಾರ್ಡ್ ತೆರೆದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ಪ್ರಾಜೆಕ್ಟ್. ಆಹ್ವಾನ ಪತ್ರದಲ್ಲಿ ಪ್ರೊಫೆಸರರ ಹೆಸರು ಎಷ್ಟು ದೊಡ್ಡದೆಂದು ನೋಡುತ್ತೀರಿ, ಕೆಲಸ ಅಷ್ಟು ವಾರಗಳಲ್ಲಿ ಹಿಡಿಸುತ್ತದೆಯೇ ಎಂದು ನೋಡುವುದಿಲ್ಲ. ಜೀವಿಗಳಿಗೆ ಅವುಗಳದ್ದೇ ಗಡಿಯಾರ ಇದೆ. ಇಲಿಯ ಗರ್ಭ 19ರಿಂದ 21 ದಿನ, ಮರಿ ಹಾಲು ಬಿಡಲು ಸುಮಾರು 21 ದಿನ, ಪ್ರೌಢವಾಗಲು ಹುಟ್ಟಿದಾಗಿನಿಂದ 6ರಿಂದ 8 ವಾರ. ಎರಡು ತಳಿಗಳನ್ನು ಕೂಡಿಸಿ ಒಂದೇ ಒಂದು ಪ್ರೌಢ ಪೀಳಿಗೆ ಪಡೆಯಲು ಕನಿಷ್ಠ 9 ವಾರ. ಬೇಕಾದ ಜೀನ್ ಜೋಡಿ ಎರಡನೇ ಪೀಳಿಗೆಯಲ್ಲಿ ಸಿಗುವುದಾದರೆ ಅದರ ಎರಡರಷ್ಟು. ಹೀಗಿರುವಾಗ 10 ವಾರದ ತರಬೇತಿಗೆ ‘ಹೊಸ ತಳಿಯ ಇಲಿಗಳ ಅಧ್ಯಯನ’ ಎಂದು ಬರೆದಿದ್ದರೆ, ವಿದ್ಯಾರ್ಥಿ ಪಂಜರದ ಚೀಟಿ ಬರೆದು ವಾಪಸಾಗುತ್ತಾರೆ. ಹಣ್ಣಿನ ನೊಣದ ಒಂದು ಪೀಳಿಗೆ 25 ಡಿಗ್ರಿಯಲ್ಲಿ ಸುಮಾರು 10 ದಿನ, ಸಿ. ಎಲಿಗನ್ಸ್ ಎಂಬ ಹುಳುವಿನದು ಮೂರೂವರೆ ದಿನದ ಆಸುಪಾಸು. ಬೇಸಿಗೆಯ ಪ್ರಾಜೆಕ್ಟಿಗೆ ಹೊಂದುವ ಜೀವಿಗಳು ಇವು.

ಜೀವಕೋಶಗಳಲ್ಲಿ ಮಾಡುವ ಕೆಲಸ ಬೇಗ ಆಗುತ್ತದೆಂದು ನಂಬುವವರೂ ಒಂದು ಲೆಕ್ಕ ನೋಡಬೇಕು. ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಒಂದು ಜೀನ್ ತೆಗೆದುಹಾಕಿ, ಒಂಟಿ ಕೋಶದಿಂದ ಶುದ್ಧ ಕ್ಲೋನ್, ಅಂದರೆ ಒಂದೇ ಬಗೆಯ ಕೋಶಗಳ ಗುಂಪು, ಬೆಳೆಸಬೇಕು ಎಂದಿಟ್ಟುಕೊಳ್ಳಿ. ಒಂದು ಕೋಶ ಹತ್ತು ಲಕ್ಷ ಆಗಲು 20 ಬಾರಿ ಇಬ್ಭಾಗವಾಗಬೇಕು. ದಿನಕ್ಕೊಮ್ಮೆ ಇಬ್ಭಾಗವಾಗುವ ಕೋಶಕ್ಕೆ 20 ದಿನ, 36 ಗಂಟೆ ತೆಗೆದುಕೊಳ್ಳುವುದಕ್ಕೆ 30 ದಿನ. ಒಂಟಿಯಾಗಿ ಬಿಟ್ಟಾಗ ಅವು ಇನ್ನೂ ನಿಧಾನ. ಅದಕ್ಕೂ ಮುಂಚೆ ಕತ್ತರಿಸುವ ಜಾಗ ತೋರಿಸುವ ಗೈಡ್ ಆರ್‌ಎನ್‌ಎಯ ವಿನ್ಯಾಸ, ಅದನ್ನು ಕೋಶಕ್ಕೆ ಒಯ್ಯುವ ಡಿಎನ್‌ಎ ಉಂಗುರದ (ಪ್ಲಾಸ್ಮಿಡ್) ತಯಾರಿ. ಆಮೇಲೆ ಜೀನ್ ಹೋಗಿದೆಯೇ ಎಂದು ನೋಡಲು ಸೀಕ್ವೆನ್ಸಿಂಗ್, ಅದರ ಪ್ರೋಟೀನ್ ಹೋಗಿದೆಯೇ ಎಂದು ನೋಡಲು ವೆಸ್ಟರ್ನ್ ಬ್ಲಾಟ್. ಎಲ್ಲ ಸರಿಹೋದರೂ ಎರಡು ಮೂರು ತಿಂಗಳು ಕ್ಲೋನ್ ಪಡೆಯಲಿಕ್ಕೇ ಬೇಕು, ಅದರಿಂದ ಕೇಳಬೇಕಾದ ಪ್ರಶ್ನೆ ಆಮೇಲಿನದು. ನಡುವೆ ಮೈಕೋಪ್ಲಾಸ್ಮಾ ಹೊಕ್ಕರೆ ಎಲ್ಲವೂ ಮೊದಲಿನಿಂದ. ಆ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿ ಇಲ್ಲ, ಆದ್ದರಿಂದ ಬೆಳೆಸುವ ದ್ರವದಲ್ಲಿ ಹಾಕುವ ಪೆನಿಸಿಲಿನ್ ಅದನ್ನು ತಡೆಯುವುದಿಲ್ಲ. ಮಾಮೂಲಿ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ, ಡಿಎನ್‌ಎ ಗುರುತಿಸುವ ಪಿಸಿಆರ್‌ನಂಥ ಪರೀಕ್ಷೆಯಲ್ಲೇ ಹಿಡಿಯಬೇಕು.

8 ವಾರದ ಪ್ರಾಯೋಗಿಕ ತರಬೇತಿಯನ್ನು ಬಿಡಿಸಿ ನೋಡಿ. ಪ್ರವೇಶ ಕಾರ್ಡು, ಸುರಕ್ಷತಾ ತರಗತಿ, ಕಾನ್‌ಫೋಕಲ್ ಸೂಕ್ಷ್ಮದರ್ಶಕ ಅಥವಾ ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಬಳಸಲು ಸರದಿ: ಎರಡು ವಾರ. ಕೊನೆಯಲ್ಲಿ ದತ್ತಾಂಶ ಒಪ್ಪಿಸಿ, ಮಂಡನೆ ಮಾಡಲು ಒಂದು ವಾರ. ಉಳಿದ ಐದು ವಾರಗಳಲ್ಲಿ ಫ್ರೀಜರಿನಿಂದ ತೆಗೆದ ಕೋಶಗಳು ಚೇತರಿಸಿಕೊಳ್ಳಲು ಒಂದು ವಾರಕ್ಕಿಂತ ಹೆಚ್ಚು. ಒಂದು ಪ್ರಯೋಗವನ್ನು ಸ್ವತಂತ್ರವಾಗಿ ಮೂರು ಸಲ ಮಾಡಿದರಷ್ಟೇ ಅದಕ್ಕೆ ಬೆಲೆ; ವಾರಕ್ಕೊಂದಾದರೂ ಮೂರು ವಾರ ಹೋಯಿತು. ಮೊದಲ ಸಲ ಕೆಟ್ಟರೆ ತಿದ್ದಲು ಒಂದು ವಾರವೂ ಉಳಿಯುವುದಿಲ್ಲ. ಯುರೋಪಿನ ಲ್ಯಾಬ್ ಆದರೆ ಆಗಸ್ಟ್‌ನಲ್ಲಿ ದಿನನಿತ್ಯ ಕಲಿಸುವ ಪಿಎಚ್‌ಡಿ ವಿದ್ಯಾರ್ಥಿಯೂ ರಜೆಯ ಮೇಲಿರುವ ಸಂಭವ ಹೆಚ್ಚು. ನಮ್ಮ ಅಭಿಪ್ರಾಯ ನೇರವಾಗಿದೆ: 8 ವಾರವಿದ್ದರೆ ಕಂಪ್ಯೂಟರಿನಲ್ಲಿ ಮಾಡುವ ದತ್ತಾಂಶ ವಿಶ್ಲೇಷಣೆಗೆ ಕಳಿಸಿ, ಪ್ರಾಯೋಗಿಕ ಕೆಲಸಕ್ಕೆ 12 ವಾರಕ್ಕಿಂತ ಕಡಿಮೆ ಒಪ್ಪಬೇಡಿ. ಸೆಮಿಸ್ಟರ್ ಪೂರ್ತಿ ಬಿಡಲು ನಿಮ್ಮ ನಿಯಮ ಅನುವು ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಹಾಗಾಗಿ ಸಹಿಗೆ ಮೊದಲು ಆತಿಥೇಯ ಲ್ಯಾಬ್‌ನಿಂದ ಒಂದು ಪುಟ ಕೇಳಿ ಪಡೆಯಿರಿ. ಉತ್ತರಿಸಬೇಕಾದ ಪ್ರಶ್ನೆ ಯಾವುದು. ಮೊದಲ ದಿನದ ಹೊತ್ತಿಗೆ ಯಾವ ಕೋಶ, ಯಾವ ಪ್ರತಿಕಾಯ, ಯಾವ ಪ್ಲಾಸ್ಮಿಡ್, ಯಾವ ಪರವಾನಗಿ ಕೈಯಲ್ಲಿರುತ್ತದೆ. ಪಕ್ಕದಲ್ಲಿ ಕೂತು ಕಲಿಸುವವರು ಯಾರು, ಅವರ ರಜೆ ಯಾವಾಗ. ಪ್ರಯೋಗ ಕೈಕೊಟ್ಟರೆ ಬದಲಿ ಕೆಲಸ ಯಾವುದು. ಒಳ್ಳೆಯ ಲ್ಯಾಬ್ ಇದನ್ನು ಅರ್ಧ ದಿನದಲ್ಲಿ ಬರೆದು ಕಳಿಸುತ್ತದೆ. ಮೂರು ಸಲ ನೆನಪಿಸಿದರೂ ಬರದಿದ್ದರೆ ಅದೇ ಉತ್ತರ ಎಂದು ತಿಳಿಯಿರಿ.

ಪರವಾನಗಿಯ ಮಾತು ಬಂತಲ್ಲ. ಐರೋಪ್ಯ ಒಕ್ಕೂಟದ 2010/63 ನಿರ್ದೇಶನದ ಪ್ರಕಾರ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದು, ಪ್ರಯೋಗ ರೂಪಿಸುವುದು, ಆರೈಕೆ ಮಾಡುವುದು, ಕೊಲ್ಲುವುದು ಎಂಬ ನಾಲ್ಕು ಕೆಲಸಗಳಿಗೂ ತರಬೇತಿಯ ಪುರಾವೆ ಬೇಕು, ಪರಿಣತಿ ಬರುವವರೆಗೆ ಮೇಲ್ವಿಚಾರಣೆಯೂ ಬೇಕು. ಬ್ರಿಟನ್ನಿನಲ್ಲಿ 1986ರ ಕಾಯ್ದೆಯಡಿ ಪ್ರತಿ ವ್ಯಕ್ತಿಗೂ ಬೇರೆ ಲೈಸೆನ್ಸ್. ಅಮೆರಿಕದಲ್ಲಿ ಸಂಸ್ಥೆಯ ಪ್ರಾಣಿ ಸಮಿತಿ ಒಪ್ಪಿದ ಪ್ರೋಟೋಕಾಲ್‌ನಲ್ಲಿ ವಿದ್ಯಾರ್ಥಿಯ ಹೆಸರು ಸೇರಬೇಕು. ಇದೆಲ್ಲ ತಲುಪಿದ ಮೇಲೆ ಶುರುವಾದರೆ ತರಬೇತಿಯ ದೊಡ್ಡ ಭಾಗ ಕಾಯುವುದರಲ್ಲೇ ಕಳೆಯುತ್ತದೆ. ಕಿರು ಅವಧಿಗೆ ಹೋಗುವವರಿಗೆ ಈಗಾಗಲೇ ಸಂಸ್ಕರಿಸಿಟ್ಟ ಅಂಗಾಂಶ, ಜೀವಕೋಶ ಅಥವಾ ಮೊದಲ ಐದು ದಿನದೊಳಗಿನ ಜೀಬ್ರಾ ಮೀನಿನ ಮರಿಗಳೇ ಲೇಸು. ತಾವೇ ಆಹಾರ ತಿನ್ನುವ ಹಂತ ತಲುಪದ ಮೀನುಮರಿಗಳಿಗೆ ಐರೋಪ್ಯ ನಿರ್ದೇಶನ ಅನ್ವಯಿಸುವುದಿಲ್ಲ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಒಂದು ಮಾತನ್ನು ನೀವೇ ಮೊದಲು ಹೇಳಿಬಿಡಿ: ಸಂಶೋಧನಾ ತರಬೇತಿ ಎಂದರೆ ರೋಗಿಗಳನ್ನು ನೋಡುವ ಅವಕಾಶವಲ್ಲ. ಅಮೆರಿಕದ ವಿನಿಮಯ ಕಾರ್ಯಕ್ರಮಗಳ ಜೆ-1 ವೀಸಾದ ‘ಸ್ಟೂಡೆಂಟ್ ಇಂಟರ್ನ್’ ವರ್ಗದಲ್ಲಿ ರೋಗಿಗಳ ಸಂಪರ್ಕವಿರುವ ಕೆಲಸಕ್ಕೇ ನಿಷೇಧವಿದೆ.

ದತ್ತಾಂಶದ ವಿಷಯದಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು ಎಂಬ ಭಾವನೆ ಎಲ್ಲರಿಗೂ ಇದೆ. ಜಿಇಒ ಎಂಬ ಸಾರ್ವಜನಿಕ ಸಂಗ್ರಹದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಜೀನ್ ಚಟುವಟಿಕೆಯ ಕೋಷ್ಟಕಗಳಿವೆ. ಆದರೆ ಡಿಬಿಗ್ಯಾಪ್, ಇಜಿಎ ಮುಂತಾದ ನಿಯಂತ್ರಿತ ಸಂಗ್ರಹಗಳಲ್ಲಿ ಇರುವ ಮನುಷ್ಯರ ಜೀನೋಮ್ ದತ್ತಾಂಶ ಅನುಮತಿ ಪಡೆದ ಸಂಸ್ಥೆಯೊಳಗಿನ ಅನುಮತಿ ಪಡೆದವರಿಗೆ ಮಾತ್ರ. ‘ಊರಿಗೆ ಹೋಗಿ ವಿಶ್ಲೇಷಣೆ ಮುಗಿಸುತ್ತೇನೆ’ ಎಂಬ ಯೋಜನೆ ಅಲ್ಲಿ ನಡೆಯುವುದಿಲ್ಲ; ತರಬೇತಿ ಮುಗಿದ ದಿನವೇ ಬಾಗಿಲು ಮುಚ್ಚುತ್ತದೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ಕಾನೂನಿನ ಪ್ರಕಾರ, ಹೆಸರು ತೆಗೆದು ಸಂಕೇತ ಸಂಖ್ಯೆ ಕೊಟ್ಟ ರೋಗಿಯ ಮಾಹಿತಿಯೂ ವೈಯಕ್ತಿಕ ಮಾಹಿತಿಯೇ. ಅದನ್ನು ಪೆನ್‌ಡ್ರೈವ್‌ನಲ್ಲಿ ತಂದರೆ ನಿಯಮಭಂಗದ ದೂರು ವಿದ್ಯಾರ್ಥಿಯ ಮೇಲೂ ಲ್ಯಾಬ್‌ನ ಮೇಲೂ ಬೀಳಬಹುದು. ಮಾದರಿಗಳ ವಿಷಯವೂ ಹಾಗೆಯೇ. ಯುಎನ್ 3373 ಎಂಬ ಸಾಗಣೆ ಗುರುತಿನ ಜೈವಿಕ ಮಾದರಿಗೆ ಮೂರು ಪದರದ ಪ್ಯಾಕಿಂಗ್ ಬೇಕು, ಅದು ಸರಕು ಸಾಗಣೆಯಲ್ಲಿ ಹೋಗಬೇಕು. ಕೈಚೀಲದಲ್ಲಾಗಲಿ ಸೂಟ್‌ಕೇಸಿನಲ್ಲಾಗಲಿ ಒಯ್ಯುವಂತಿಲ್ಲ. ಎರಡು ಸಂಸ್ಥೆಗಳ ನಡುವೆ ವಸ್ತು ವರ್ಗಾವಣೆ ಒಪ್ಪಂದ ಆಗದ ಹೊರತು ಒಂದು ಟ್ಯೂಬನ್ನೂ ತರಲು ಹೇಳಬೇಡಿ. ‘ಬರುವಾಗ ಆ ಸೆಲ್ ಲೈನ್ ಸ್ವಲ್ಪ ತಾ’ ಎಂದು ಹೇಳಿ ಕಳಿಸುವ ಗೈಡ್‌ಗಳಿದ್ದಾರೆ. ಅವರಿಗೆ ಈ ಪ್ಯಾರಾ ತೋರಿಸಿ.

ವೀಸಾ ಮತ್ತು ವಿಮೆಯನ್ನು ಒಟ್ಟಿಗೆ ಹೇಳುತ್ತೇವೆ, ಎರಡಕ್ಕೂ ನಿಮ್ಮ ಕಚೇರಿಯ ಕಾಗದವೇ ಮೂಲ. ಜೆ-1 ವೀಸಾಕ್ಕೆ ಡಿಎಸ್-2019 ನಮೂನೆ ಬೇಕು, ‘ಸ್ಟೂಡೆಂಟ್ ಇಂಟರ್ನ್’ ವರ್ಗಕ್ಕೆ ಅದರ ಜೊತೆ ಡಿಎಸ್-7002 ಎಂಬ ತರಬೇತಿ ಯೋಜನೆ. ಆ ತರಬೇತಿ ವಿದ್ಯಾರ್ಥಿಯ ಈಗಿನ ಪದವಿಯ ಶೈಕ್ಷಣಿಕ ಗುರಿಯನ್ನು ಪೂರೈಸಬೇಕೆಂಬುದು ನಿಯಮ. ಅದನ್ನು ನೀವು ಬರೆದುಕೊಡದೆ ಬೇರೆ ಯಾರೂ ಹೇಳಲಾಗದು. ‘ನಮ್ಮ ಅಭ್ಯಂತರವಿಲ್ಲ’ ಎಂಬ ಎರಡು ಸಾಲಿನ ಪತ್ರ ಇದಕ್ಕೆ ಸಾಲದು. ಯಾವ ಕೋರ್ಸಿನ ಭಾಗ, ಎಷ್ಟು ಕ್ರೆಡಿಟ್, ಯಾವ ದಿನದಿಂದ ಯಾವ ದಿನದವರೆಗೆ ಎಂದು ಪತ್ರದಲ್ಲಿರಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ಕಿರುವೀಸಾ ಯಾವುದೇ 180 ದಿನಗಳಲ್ಲಿ 90 ದಿನಕ್ಕೆ ಮಾತ್ರ. 12 ವಾರ ಎಂದರೆ 84 ದಿನ. ಮನೆ ಹುಡುಕಲು ಒಂದು ವಾರ ಮುಂಚೆ ಹೋದರೆ 91. ಒಂದೇ ದಿನ ಹೆಚ್ಚಾಯಿತೆಂದು ಇಡೀ ಅರ್ಜಿ ಬೇರೆ ವರ್ಗಕ್ಕೆ, ಆಯಾ ದೇಶದ ದೀರ್ಘಾವಧಿ ವೀಸಾಕ್ಕೆ ಹೋಗುತ್ತದೆ. ಕಿರುವೀಸಾದಲ್ಲಿ ತರಬೇತಿಗೆ ಅವಕಾಶವಿದೆಯೇ ಎಂಬುದೂ ದೇಶದಿಂದ ದೇಶಕ್ಕೆ ಬೇರೆ.

ವಿಮೆ ಮೂರು ಬಗೆ, ಮೂರೂ ಬೇರೆ ಬೇರೆ: ಕಾಯಿಲೆಗೆ ಆರೋಗ್ಯ ವಿಮೆ, ಕೆಲಸದಲ್ಲಿ ಆಗುವ ಗಾಯಕ್ಕೆ ಅಪಘಾತ ವಿಮೆ, ಯಂತ್ರ ಕೆಡಿಸಿದರೆ ಅಥವಾ ಇನ್ನೊಬ್ಬರಿಗೆ ಹಾನಿಯಾದರೆ ಹೊಣೆಗಾರಿಕೆ ವಿಮೆ. ಪ್ರವಾಸ ವಿಮೆಯ ಸಣ್ಣಕ್ಷರದಲ್ಲಿ ‘ಕೆಲಸದ ವೇಳೆಯ ಅಪಘಾತ ಸೇರಿಲ್ಲ’ ಎಂದು ಇರುವುದು ಸಾಮಾನ್ಯ. ಇದು ಯಾವಾಗ ಕಾಡುತ್ತದೆಂದರೆ, ರಕ್ತದ ಮಾದರಿಯಿರುವ ಸೂಜಿ ಚುಚ್ಚಿದಾಗ. ಎಚ್‌ಐವಿ ತಡೆಯ ಔಷಧಿಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಬಿಲ್ ಯಾರದ್ದು ಎಂದು ಆ ಹೊತ್ತಿನಲ್ಲಿ ಎರಡು ಕಚೇರಿಗಳು ಪತ್ರ ಬರೆದುಕೊಳ್ಳುವಂತಾಗಬಾರದು. ಜೆ-1ರಲ್ಲಿ ಪ್ರತಿ ಅಪಘಾತ ಅಥವಾ ಕಾಯಿಲೆಗೆ ಕನಿಷ್ಠ 1,00,000 ಡಾಲರ್, ವೈದ್ಯಕೀಯ ಸ್ಥಳಾಂತರಕ್ಕೆ 50,000, ಮೃತದೇಹ ಸಾಗಣೆಗೆ 25,000 ಡಾಲರ್ ವಿಮೆ ಕಡ್ಡಾಯ. ವಿಮೆ ಕೊಡತೊಡಗುವ ಮುನ್ನ ಪ್ರತಿ ಸಲ ಕೈಯಿಂದ ಕಟ್ಟುವ ಪಾಲು (ಡಿಡಕ್ಟಿಬಲ್) 500 ಡಾಲರ್ ಮೀರುವಂತಿಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ. ಇವು ಕನಿಷ್ಠಗಳಷ್ಟೆ. ಲ್ಯಾಬ್ ಅಪಘಾತ ಯಾರ ವಿಮೆಯಲ್ಲಿ ಎಂಬ ಒಂದು ಸಾಲು ಎರಡು ಸಂಸ್ಥೆಗಳ ನಡುವಿನ ಒಪ್ಪಂದದಲ್ಲೇ ಇರಲಿ.

ಆಯ್ಕೆಯ ಹಂತದಲ್ಲಿ ನಿಮ್ಮ ಅಧ್ಯಾಪಕರು ಬರೆಯುವ ಶಿಫಾರಸು ಪತ್ರಗಳು ವಿದ್ಯಾರ್ಥಿಗಳಿಗೆ ಮಾಡುವ ನಷ್ಟ ಸಣ್ಣದಲ್ಲ. ಶ್ರದ್ಧೆ, ಶಿಸ್ತು, ಸನ್ನಡತೆ ಎಂಬ ಮೂರು ಪದಗಳ ಸುತ್ತ ಕಟ್ಟಿದ, ಹೆಸರು ಮಾತ್ರ ಬದಲಾದ ಎರಡು ಪತ್ರಗಳು ಒಂದೇ ಮೇಜಿಗೆ ಬಂದರೆ ಎರಡಕ್ಕೂ ಬೆಲೆ ಹೋಯಿತು. ಯಾವ ತಂತ್ರವನ್ನು ಯಾರ ಸಹಾಯವೂ ಇಲ್ಲದೆ ಮಾಡಬಲ್ಲರು, ಕೆಟ್ಟಾಗ ಕಾರಣ ಹುಡುಕಲು ಏನು ಮಾಡಿದರು ಎಂದು ಬರೆದ ನಾಲ್ಕು ಸಾಲು ಸಾಕು. ಪತ್ರ ಅಧ್ಯಾಪಕರ ಅಧಿಕೃತ ಇಮೇಲ್‌ನಿಂದ, ಕೊನೆಯ ದಿನಾಂಕಕ್ಕೆ ಮೊದಲು ಹೋಗಲಿ. ಹೊರಡುವ ಮುನ್ನ ಕೈ ಪರೀಕ್ಷೆಯೂ ಇರಲಿ, ಅದಕ್ಕೆ ಖರ್ಚಿಲ್ಲ. 100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ಪಿಪೆಟ್ ಮಾಡಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿಸಿ; ಪ್ರತಿ ಸಲವೂ 100 ಮಿಲಿಗ್ರಾಂ ಹತ್ತಿರ ಬರಬೇಕು, ಮಾನಕ ವಿಚಲನೆ ಸರಾಸರಿಯ ಶೇಕಡಾ 1ರೊಳಗೆ ಇರಬೇಕು. ಇಲ್ಲದಿದ್ದರೆ ಅಲ್ಲಿ ಅವರ ಕ್ಯುಪಿಸಿಆರ್ (ಡಿಎನ್‌ಎ ಪ್ರಮಾಣ ಅಳೆಯುವ ಪಿಸಿಆರ್) ಗೆರೆಗಳು ಚದುರುತ್ತವೆ, ದೋಷವನ್ನು ರಾಸಾಯನಿಕದ ಮೇಲೆ ಹೊರಿಸಲಾಗುತ್ತದೆ. ಒಂದೇ ಮಾದರಿಯನ್ನು ಪರೀಕ್ಷಾ ತಟ್ಟೆಯ ಮೂರು ಗುಳಿಗಳಲ್ಲಿ ಅಳೆಯುವುದು ಬೇರೆ, ಮೂರು ಸ್ವತಂತ್ರ ಪ್ರಯೋಗ ಬೇರೆ ಎಂಬುದನ್ನೂ ಇಲ್ಲಿಯೇ ಕಲಿಸಿ.

ಹಣದ ಬಗ್ಗೆ ಚಿಕ್ಕದಾಗಿ. ‘ಪೂರ್ಣ ವೆಚ್ಚ ಭರಿಸಲಾಗುವುದು’ ಎಂಬ ಕಾರ್ಯಕ್ರಮಗಳಲ್ಲೂ ಬಹಳಷ್ಟು ಹಣ ಬಿಲ್ ಕೊಟ್ಟ ಮೇಲೆ ಬರುತ್ತದೆ. ವೀಸಾ, ವಿಮೆ, ಟಿಕೆಟ್, ಬಾಡಿಗೆಯ ಮುಂಗಡ ಎಲ್ಲವನ್ನೂ ಮೊದಲು ವಿದ್ಯಾರ್ಥಿಯ ಮನೆಯೇ ಹೊಂದಿಸಬೇಕು, ಇಲ್ಲದವರು ಅಲ್ಲಿಗೇ ನಿಲ್ಲುತ್ತಾರೆ. ವಿಶ್ವವಿದ್ಯಾಲಯ ಒಂದು ಸುತ್ತುನಿಧಿ ಇಟ್ಟು ಮುಂಗಡ ಕೊಟ್ಟು, ಮರುಪಾವತಿ ಬಂದಾಗ ತೆಗೆದುಕೊಂಡರೆ ಬಡ ವಿದ್ಯಾರ್ಥಿಯ ದಾರಿ ತೆರೆಯುತ್ತದೆ. ಶುಲ್ಕ ಕಟ್ಟಿದರೆ ದೊಡ್ಡ ಲ್ಯಾಬ್‌ನಲ್ಲಿ ಜಾಗ ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳ ಪತ್ರ ಬಂದರೆ, ಆ ಪತ್ರದಲ್ಲಿರುವ ಫೋನಿಗಲ್ಲ, ಆ ಸಂಸ್ಥೆಯ ಸ್ವಂತ ಜಾಲತಾಣದಲ್ಲಿರುವ ವಿಳಾಸಕ್ಕೆ ನಿಮ್ಮ ಕಚೇರಿಯಿಂದ ಬರೆದು ಖಚಿತಪಡಿಸಿಕೊಳ್ಳಿ.

ವಾಪಸು ಬಂದ ಮೇಲಿನ ಗೊಂದಲಗಳಿಗೆ ಕಾರಣ ಹೆಚ್ಚಾಗಿ ನಿಮ್ಮ ನಿಯಮಾವಳಿಯೇ. ಐರೋಪ್ಯ ಪದ್ಧತಿಯಲ್ಲಿ ಒಂದು ಇಸಿಟಿಎಸ್ ಕ್ರೆಡಿಟ್‌ಗೆ 25ರಿಂದ 30 ಗಂಟೆ ದುಡಿಮೆ. ವಾರಕ್ಕೆ 40 ಗಂಟೆಯಂತೆ 12 ವಾರ ಎಂದರೆ 480 ಗಂಟೆ, 16ರಿಂದ 19 ಕ್ರೆಡಿಟ್. ಅಷ್ಟು ದುಡಿದು ಬಂದವರಿಗೆ ಹಾಜರಾತಿ ಕೊರತೆಯ ನೋಟಿಸ್ ಕೊಡುವುದು ಅನ್ಯಾಯ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಪ್ಲಸ್ ವಿನಿಮಯ ಕಾರ್ಯಕ್ರಮದ ತರಬೇತಿಗಳಲ್ಲಿ ಹೊರಡುವ ಮೊದಲೇ ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಬರಮಾಡಿಕೊಳ್ಳುವ ಸಂಸ್ಥೆ ಮೂವರೂ ಸಹಿ ಮಾಡುವ ಕಲಿಕಾ ಒಪ್ಪಂದವಿದೆ. ಕ್ರೆಡಿಟ್ ಎಷ್ಟು ಸಿಗುತ್ತದೆ ಎಂಬುದು ಅದರಲ್ಲೇ ತೀರ್ಮಾನವಾಗುತ್ತದೆ. ಆ ಕಾರ್ಯಕ್ರಮದಲ್ಲಿ ಇಲ್ಲದವರಿಗೂ ಅದೇ ಮಾದರಿ ಬಳಸಲು ಅಡ್ಡಿಯಿಲ್ಲ.

ಪ್ರಬಂಧದ ವಿಷಯ ಇನ್ನೂ ಸೂಕ್ಷ್ಮ. ಲ್ಯಾಬ್ ನೋಟ್‌ಬುಕ್ ಮತ್ತು ಮೂಲ ದತ್ತಾಂಶ ಸಾಮಾನ್ಯವಾಗಿ ಆತಿಥೇಯ ಸಂಸ್ಥೆಯ ಸ್ವತ್ತು. ವಿದ್ಯಾರ್ಥಿಯ ಕೆಲಸದಲ್ಲಿ ಪೇಟೆಂಟ್‌ಗೆ ಅರ್ಹವಾದದ್ದೇನಾದರೂ ಇದ್ದರೆ, ಅರ್ಜಿ ಹಾಕುವ ಮೊದಲು ಎಲ್ಲಿಯೇ ಬಹಿರಂಗವಾದರೂ ಯುರೋಪಿನಲ್ಲಿ ಅದರ ಹೊಸತನ ಹೋಯಿತೆಂದೇ ಲೆಕ್ಕ. ಅಮೆರಿಕದಲ್ಲಾದರೆ ಸಂಶೋಧಕರಿಗೆ ಒಂದು ವರ್ಷದ ಗಡುವು ಉಂಟು. ಎಲ್ಲರಿಗೂ ತೆರೆದ ಮೌಖಿಕ ಪರೀಕ್ಷೆ, ಪ್ರಬಂಧವನ್ನು ಜಾಲತಾಣಕ್ಕೆ ಏರಿಸುವುದು ಎರಡೂ ಬಹಿರಂಗಪಡಿಸುವಿಕೆಯೇ. ಪ್ರಬಂಧವನ್ನು ಕೂಡಲೇ ಏರಿಸಲೇಬೇಕೆಂದು ನಿಮ್ಮ ನಿಯಮ ಹೇಳುತ್ತದೆ, ಏರಿಸಬಾರದೆಂದು ಆತಿಥೇಯ ಸಂಸ್ಥೆಯೊಂದಿಗಿನ ಒಪ್ಪಂದ ಹೇಳುತ್ತದೆ; ನಡುವೆ ಸಿಕ್ಕಿಕೊಳ್ಳುವುದು ವಿದ್ಯಾರ್ಥಿ. ಲೇಖಕರ ಪಟ್ಟಿಯ ಜಗಳಗಳೂ ಹೀಗೆಯೇ ಹುಟ್ಟುತ್ತವೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ (ಐಸಿಎಂಜೆಇ) ಮಾನದಂಡದಂತೆ ಲೇಖಕರಾಗಲು ಗಣನೀಯ ಕೊಡುಗೆ, ಬರವಣಿಗೆ ಅಥವಾ ವಿಮರ್ಶಾತ್ಮಕ ತಿದ್ದುಪಡಿ, ಅಂತಿಮ ಒಪ್ಪಿಗೆ, ಹೊಣೆಗಾರಿಕೆ ನಾಲ್ಕೂ ಬೇಕು. ಹೆಸರು ಸೇರಿಸಲು ಇಲ್ಲಿನ ಗೈಡ್ ಒತ್ತಾಯಿಸುವುದು ಆ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರವನ್ನು ಡೀನರಿಗೆ ಕೊಟ್ಟು, 10 ಕೆಲಸದ ದಿನಗಳ ಗಡುವು ಹಾಕಿ. ಕಾನೂನು ವಿಭಾಗ ಪ್ರತಿ ಒಪ್ಪಂದವನ್ನೂ ಮೊದಲಿನಿಂದ ತಿದ್ದಲು ಕೂತರೆ ವೀಸಾದ ಸಮಯ ಅಲ್ಲೇ ಕರಗುತ್ತದೆ, ಆದ್ದರಿಂದ ಒಪ್ಪಬಹುದಾದ ಮತ್ತು ಒಪ್ಪಲಾಗದ ಷರತ್ತುಗಳನ್ನು ಒಮ್ಮೆ ಬರೆದಿಡಿ. ಲಸಿಕೆಯಿಂದ ವಾಪಸಾತಿಯವರೆಗೆ ಒಂದೊಂದು ಕಡತಕ್ಕೂ ಒಬ್ಬರೇ ಹೊಣೆಗಾರರು ಇರಲಿ. ಲ್ಯಾಬ್‌ನಲ್ಲಿ ಕಿರುಕುಳವಾದರೆ ವಿದ್ಯಾರ್ಥಿ ನೇರವಾಗಿ ಕರೆಮಾಡಬಹುದಾದ, ತನ್ನ ಗೈಡ್ ಅಲ್ಲದ ವ್ಯಕ್ತಿ ಅವರೇ ಆಗಲಿ. ಪ್ರಬಂಧದ ಪ್ರಕಟಣೆಯನ್ನು ನಿಗದಿತ ಅವಧಿಗೆ ತಡೆಹಿಡಿಯಲು, ಮೌಖಿಕ ಪರೀಕ್ಷೆಯನ್ನು ಗೋಪ್ಯತೆಯ ಷರತ್ತಿನಡಿ ನಡೆಸಲು ಪರೀಕ್ಷಾ ನಿಯಮದಲ್ಲಿ ತಿದ್ದುಪಡಿ ಬೇಕು. ಅದಕ್ಕೆ ಶೈಕ್ಷಣಿಕ ಮಂಡಳಿಯ ಒಪ್ಪಿಗೆ ಅಗತ್ಯವಿರುವುದರಿಂದ ಮುಂದಿನ ಸಭೆಯ ಕಾರ್ಯಸೂಚಿಗೇ ಇದನ್ನು ಸೇರಿಸಿ.

ಇಂತಿ,
ವಿದ್ಯಾರ್ಥಿಗಳನ್ನು ಕಳಿಸುವ ಕಚೇರಿಗಳ ಮತ್ತು ಅವರಿಗೆ ಕಲಿಸುವ ಲ್ಯಾಬ್‌ಗಳ ಕೆಲವು ಸಹೋದ್ಯೋಗಿಗಳು